ರಾಜಿ ಅಂದರೆ ತೀರ್ಪಲ್ಲ: ಇನ್ಫೋಸಿಸ್ ವೀಸಾ ಪ್ರಕರಣ, 2011–2013

ಇವತ್ತು ನಾನು ಮಾತಾಡೋದು ಒಂದು ಪದದ ಬಗ್ಗೆ: ರಾಜಿ. ಅರಬ್ಬಿ ಮೂಲದ ಈ ಮಾತಿಗೆ ಒಪ್ಪಿದ, ಸಮಾಧಾನಗೊಂಡ ಎಂಬ ಅರ್ಥವಿದೆ. ಇನ್ಫೋಸಿಸ್ ಪ್ರಕರಣದಲ್ಲಿ ಒಪ್ಪಿದವರು ಯಾರು?

1981ರಲ್ಲಿ ಪುಣೆಯಲ್ಲಿ ಹುಟ್ಟಿ, 1983ರಲ್ಲಿ ಬೆಂಗಳೂರಿಗೆ ಬಂದ ಈ ಕಂಪನಿ 1999ರಲ್ಲಿ ನಾಸ್‌ಡ್ಯಾಕ್ ಪಟ್ಟಿ ಸೇರಿತು. 2011ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಅದರ ಉದ್ಯೋಗಿಯೊಬ್ಬರು ಮೊಕದ್ದಮೆ ಹೂಡಿದರು. ವ್ಯವಹಾರದ ಭೇಟಿಗೆಂದು ಕೊಡುವ ಬಿ-1 ವೀಸಾದಲ್ಲಿ ಭಾರತದಿಂದ ಜನರನ್ನು ಕರೆಸಿ, ಎಚ್-1ಬಿ ಬೇಕಾದ ಕೆಲಸ ಮಾಡಿಸ್ತಾರೆ, ಅದನ್ನು ಹೇಳಿದ್ದಕ್ಕೆ ನನಗೆ ಕಿರುಕುಳ ಕೊಟ್ಟರು ಅನ್ನೋದು ಅವರ ದೂರು. ಅಲಬಾಮಾ ಕಾನೂನಿನಲ್ಲಿ ಅದಕ್ಕೆ ಆಧಾರವಿಲ್ಲವೆಂದು ನ್ಯಾಯಾಲಯ 2012ರ ಆಗಸ್ಟ್‌ನಲ್ಲಿ ವಜಾ ಮಾಡಿತು.

ಸರ್ಕಾರದ ತನಿಖೆ ಮಾತ್ರ ನಿಲ್ಲಲಿಲ್ಲ. 2013ರ ಅಕ್ಟೋಬರ್ 30ರಂದು ಕಂಪನಿ 3.4 ಕೋಟಿ ಡಾಲರ್‌ಗೆ ರಾಜಿಯಾಯಿತು. ಉದ್ಯೋಗಿಗಳ ಐ-9 ದಾಖಲೆಗಳಲ್ಲಿ ತಪ್ಪಾಗಿದೆ ಎಂದು ಒಪ್ಪಿತು; ವೀಸಾ ವಂಚನೆಯ ಆರೋಪವನ್ನು ನಿರಾಕರಿಸಿತು.

ಇದನ್ನು ‘ದಂಡ’ ಅಂತ ಬರೆದರೆ ಅಪರಾಧ ಸಾಬೀತಾದ ಹಾಗೆ ಕೇಳಿಸುತ್ತೆ. ‘ರಾಜಿ’ ಅಂತ ಬರೆದರೆ ಎಲ್ಲರಿಗೂ ಸಮಾಧಾನವಾದ ಹಾಗೆ. ಎರಡೂ ಪೂರ್ತಿ ನಿಜ ಅಲ್ಲ. ಆರೋಪ ವಿಚಾರಣೆಯಲ್ಲಿ ಸಾಬೀತಾಗಲೂ ಇಲ್ಲ, ಸುಳ್ಳಾಗಲೂ ಇಲ್ಲ. ವಿವಾದ ಇದ್ದದ್ದು ಬಿ-1 ಹಿಡಿದು ಹೋದವರ ಕೆಲಸದ ಬಗ್ಗೆ. ಒಪ್ಪಂದ ಆದದ್ದು ಸರ್ಕಾರ ಮತ್ತು ಕಂಪನಿಯ ನಡುವೆ. ಮೊರಪ್ಪೂರು ಕಡೆಯ ಹುಡುಗರೂ ಬೆಂಗಳೂರಿನ ಕಂಪನಿಗಳನ್ನು ನಂಬಿಕೊಂಡೇ ಓದೋರು. ಈ ಚರಿತ್ರೆ ಬರೆಯುವಾಗ ಮೊತ್ತದ ಜೊತೆಗೆ ಆ ಕೆಲಸಗಾರರನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನೋದು ನನ್ನ ವಾದ.