ಕ್ಲೌಡ್‌ನಲ್ಲಿದೆ ಎಂದು ಫೋನಿನಿಂದ ಫೋಟೋ ಅಳಿಸಬಹುದೇ? ಇಲ್ಲಿದೆ ನಿಜಾಂಶ

ಫೋನ್ ಮೆಮೊರಿ ತುಂಬಿದರೆ ಗೂಗಲ್ ಫೋಟೋಸ್ ಆನ್ ಮಾಡಿ, ನಂತರ ಗ್ಯಾಲರಿಯಲ್ಲಿರುವುದನ್ನೆಲ್ಲ ಡಿಲೀಟ್ ಮಾಡಿ, ಕ್ಲೌಡ್‌ನಲ್ಲಿ ಎಲ್ಲವೂ ಶಾಶ್ವತವಾಗಿ ಉಳಿಯುತ್ತದೆ ಎಂಬ ಅರ್ಥದ ಸಲಹೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಕಾಣಿಸುತ್ತವೆ. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯದೆ ಅಳಿಸಿದರೆ ಮದುವೆಯ ಫೋಟೋ, ಮಗುವಿನ ಮೊದಲ ವಿಡಿಯೋ, ಆಸ್ಪತ್ರೆಯ ರಿಪೋರ್ಟ್ ಮತ್ತೆ ಸಿಗದಂತೆ ಹೋಗಬಹುದು. ಹಾಗಾದರೆ ಯಾವುದನ್ನು ಅಳಿಸಬಹುದು, ಯಾವುದನ್ನು ಅಳಿಸಬಾರದು? ಒಂದೊಂದಾಗಿ ನೋಡೋಣ.

ಆನ್‌ಲೈನ್-ಓನ್ಲಿ, ಆಫ್‌ಲೈನ್ ಎಂದರೇನು?

ಕ್ಲೌಡ್ ಎಂದರೆ ಆಕಾಶದಲ್ಲಿರುವ ಜಾಗವಲ್ಲ. ಕಂಪನಿಯೊಂದರ ದತ್ತಾಂಶ ಕೇಂದ್ರದಲ್ಲಿರುವ ಕಂಪ್ಯೂಟರ್‌ಗಳಲ್ಲಿ ನಿಮ್ಮ ಫೈಲ್ ಇರುತ್ತದೆ. ನಿಮ್ಮ ಫೋನ್ ಇಂಟರ್ನೆಟ್ ಮೂಲಕ ಅದನ್ನು ತರಿಸಿ ತೋರಿಸುತ್ತದೆ.

ಆನ್‌ಲೈನ್-ಓನ್ಲಿ ಫೈಲ್‌ನ ಹೆಸರು ಅಥವಾ ಚಿಕ್ಕ ಚಿತ್ರ ಮಾತ್ರ ಫೋನಿನಲ್ಲಿ ಕಾಣಿಸುತ್ತದೆ. ಪೂರ್ತಿ ಫೈಲ್ ಇರುವುದು ಕ್ಲೌಡ್‌ನಲ್ಲಿ. ಪುಸ್ತಕದ ಪರಿವಿಡಿ ನಿಮ್ಮ ಕೈಯಲ್ಲಿದೆ, ಪುಸ್ತಕ ಗ್ರಂಥಾಲಯದಲ್ಲಿದೆ ಎಂದು ಭಾವಿಸಿ. ನೆಟ್‌ವರ್ಕ್ ಇಲ್ಲದಿದ್ದರೆ ಅದು ತೆರೆಯುವುದಿಲ್ಲ. ಆಫ್‌ಲೈನ್ ಫೈಲ್‌ನ ಒಂದು ಪೂರ್ತಿ ಪ್ರತಿ ಫೋನಿನಲ್ಲೂ ಇರುತ್ತದೆ. ಅದು ಜಾಗ ತೆಗೆದುಕೊಳ್ಳುತ್ತದೆ, ಆದರೆ ನೆಟ್ ಇಲ್ಲದೆಯೂ ತೆರೆಯುತ್ತದೆ.

ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಒನ್‌ಡ್ರೈವ್ ಬಳಸುವವರು ಇದನ್ನು ಗುರುತುಗಳಿಂದಲೇ ತಿಳಿಯಬಹುದು. ನೀಲಿ ಮೋಡದ ಗುರುತು ಇದ್ದರೆ ಫೈಲ್ ಆನ್‌ಲೈನ್‌ನಲ್ಲಿ ಮಾತ್ರ ಇದೆ. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಸದ್ಯಕ್ಕೆ ಕಂಪ್ಯೂಟರ್‌ನಲ್ಲೂ ಇದೆ. ಪೂರ್ತಿ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಅದನ್ನು ಯಾವಾಗಲೂ ಕಂಪ್ಯೂಟರ್‌ನಲ್ಲಿಡಲು ನೀವೇ ಹೇಳಿದ್ದೀರಿ ಎಂದರ್ಥ.

ತಪ್ಪು ನಂಬಿಕೆ 1: ಫೋನಿನಲ್ಲಿ ಅಳಿಸಿದರೂ ಕ್ಲೌಡ್‌ನಲ್ಲಿ ಉಳಿಯುತ್ತದೆ

ಅದು ನೀವು ಯಾವ ಬಟನ್ ಒತ್ತುತ್ತೀರಿ ಎಂಬುದರ ಮೇಲೆ ನಿಂತಿದೆ. ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಆಯ್ಕೆ ಬಳಸಿದರೆ, ಈಗಾಗಲೇ ಬ್ಯಾಕಪ್ ಆಗಿರುವ ಫೋಟೋಗಳ ಫೋನಿನ ಪ್ರತಿ ಮಾತ್ರ ಹೋಗುತ್ತದೆ, ಕ್ಲೌಡ್ ಪ್ರತಿ ಉಳಿಯುತ್ತದೆ. ಅದೇ ಆ್ಯಪ್‌ನಲ್ಲಿ ಫೋಟೋ ಆಯ್ದು ಸಾಮಾನ್ಯ 'ಡಿಲೀಟ್' ಒತ್ತಿದರೆ ಎರಡೂ ಕಡೆಯ ಪ್ರತಿ ಕಸದ ಬುಟ್ಟಿಗೆ ಹೋಗುತ್ತದೆ. ಐಫೋನ್‌ನಲ್ಲಿ ಐಕ್ಲೌಡ್ ಫೋಟೋಸ್ ಆನ್ ಇದ್ದರೂ ಹೀಗೆಯೇ. ಫೋನಿನಲ್ಲಿ ಅಳಿಸಿದ ಫೋಟೋ ಐಕ್ಲೌಡ್‌ನಿಂದಲೂ, ಅದೇ ಖಾತೆಯ ಐಪ್ಯಾಡ್‌ನಿಂದಲೂ ಅಳಿಯುತ್ತದೆ.

ಇದಕ್ಕೆ ಕಾರಣ, ಇವು ಮಾಡುವುದು ಸಿಂಕ್. ಸಿಂಕ್ ಎಂದರೆ ಎರಡೂ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಸೇರಿಸಿದರೆ ಅಲ್ಲೂ ಸೇರುತ್ತದೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ನಿಜವಾದ ಬ್ಯಾಕಪ್ ಎಂದರೆ ಒಂದನ್ನು ಅಳಿಸಿದರೂ ಇನ್ನೊಂದು ಹಾಗೆಯೇ ಉಳಿಯುವ ಬೇರೆ ಪ್ರತಿ.

ತಪ್ಪಿ ಅಳಿಸಿದ್ದರೆ ಗಾಬರಿ ಬೇಡ, ಆದರೆ ತಡವೂ ಬೇಡ. ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ ಬ್ಯಾಕಪ್ ಆದ ಫೋಟೋಗಳು 60 ದಿನ ಇರುತ್ತವೆ. ಗೂಗಲ್ ಡ್ರೈವ್‌ನಲ್ಲಿ ಈ ಅವಧಿ 30 ದಿನ. ಐಫೋನ್‌ನ 'ರೀಸೆಂಟ್ಲಿ ಡಿಲೀಟೆಡ್' ಆಲ್ಬಂನಲ್ಲೂ 30 ದಿನ. ಅಷ್ಟರೊಳಗೆ 'ರಿಸ್ಟೋರ್' ಅಥವಾ 'ರಿಕವರ್' ಮಾಡಿದರೆ ಫೋಟೋ ಮರಳುತ್ತದೆ.

ತಪ್ಪು ನಂಬಿಕೆ 2: ಫೋನಿನಲ್ಲಿರುವುದೆಲ್ಲ ತಾನಾಗಿಯೇ ಬ್ಯಾಕಪ್ ಆಗುತ್ತದೆ

ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಫೋಟೋಸ್ ಮೊದಲಿಗೆ ಬ್ಯಾಕಪ್ ಮಾಡುವುದು ಕ್ಯಾಮೆರಾದಲ್ಲಿ ತೆಗೆದ ಫೋಟೋಗಳ ಫೋಲ್ಡರನ್ನು ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳು, ಸ್ಕ್ರೀನ್‌ಶಾಟ್‌ಗಳು ಬೇರೆ ಫೋಲ್ಡರ್‌ಗಳಲ್ಲಿರುತ್ತವೆ. ಅವು ಬೇಕೆಂದರೆ ಬ್ಯಾಕಪ್ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು. ಸಂಬಂಧಿಕರು ಕಳುಹಿಸಿದ ಗೃಹಪ್ರವೇಶದ ಫೋಟೋಗಳು ಕ್ಲೌಡ್‌ನಲ್ಲಿವೆ ಎಂದುಕೊಂಡು ಗ್ಯಾಲರಿ ಖಾಲಿ ಮಾಡಿದರೆ ಅವು ಎಲ್ಲೂ ಉಳಿದಿರುವುದಿಲ್ಲ.

ಇನ್ನೊಂದು ಸಂಗತಿ: ಮೊಬೈಲ್ ಡೇಟಾ ಬಳಸಲು ಅನುಮತಿ ಕೊಡದಿದ್ದರೆ ಬ್ಯಾಕಪ್ ವೈಫೈ ಸಿಗುವವರೆಗೆ ಕಾಯುತ್ತದೆ. ಮನೆಯಲ್ಲಿ ವೈಫೈ ಇಲ್ಲದವರ ಫೋನಿನಲ್ಲಿ ತಿಂಗಳುಗಟ್ಟಲೆ ಫೋಟೋಗಳು ಸರತಿಯಲ್ಲೇ ನಿಂತಿರಬಹುದು.

ತಪ್ಪು ನಂಬಿಕೆ 3: ಕ್ಲೌಡ್ ಉಚಿತ ಮತ್ತು ಶಾಶ್ವತ

ಗೂಗಲ್ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಇದನ್ನೇ ಹಂಚಿಕೊಳ್ಳುತ್ತವೆ. ಐಕ್ಲೌಡ್ ಮತ್ತು ಒನ್‌ಡ್ರೈವ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ ಉಚಿತ. ಗೂಗಲ್ ಫೋಟೋಸ್‌ನಲ್ಲಿ ಗಾತ್ರ ಕುಗ್ಗಿಸಿದ ಫೋಟೋಗಳಿಗೆ ಮೊದಲು ಮಿತಿ ಇರಲಿಲ್ಲ. 2021ರ ಜೂನ್ 1ರಿಂದ ಅವೂ 15 ಜಿಬಿಯ ಲೆಕ್ಕಕ್ಕೆ ಬರುತ್ತಿವೆ. ಹಳೆಯ ಫಾರ್ವರ್ಡ್‌ಗಳಲ್ಲಿ ಈ ಬದಲಾವಣೆಯ ಸುಳಿವೇ ಇರುವುದಿಲ್ಲ. ಜಾಗ ತುಂಬಿದರೆ ಹೊಸ ಫೋಟೋ ಬ್ಯಾಕಪ್ ಆಗುವುದು ನಿಲ್ಲುತ್ತದೆ, ಜಿಮೇಲ್‌ಗೆ ಹೊಸ ಮೇಲ್ ಬರುವುದೂ ನಿಲ್ಲಬಹುದು.

ಶಾಶ್ವತ ಎಂಬುದೂ ಸರಿಯಲ್ಲ. 2 ವರ್ಷ ಬಳಸದ ವೈಯಕ್ತಿಕ ಗೂಗಲ್ ಖಾತೆಯನ್ನು, ಅದರಲ್ಲಿರುವ ಫೋಟೋಗಳ ಸಮೇತ ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಹಳೆಯ ಫೋನಿನ ಖಾತೆಯಲ್ಲಿ ತೀರಿಕೊಂಡ ಹಿರಿಯರ ಫೋಟೋಗಳಿದ್ದರೆ ಆಗಾಗ ಲಾಗಿನ್ ಆಗುತ್ತಿರಿ, ಪಾಸ್‌ವರ್ಡ್ ಎಲ್ಲಾದರೂ ಸುರಕ್ಷಿತವಾಗಿ ಬರೆದಿಡಿ.

'ಫ್ರೀ ಅಪ್ ಸ್ಪೇಸ್' ಬಳಸುವ ಮುನ್ನ ಗುಣಮಟ್ಟವನ್ನೂ ನೋಡಿಕೊಳ್ಳಿ. ಬ್ಯಾಕಪ್ 'ಸ್ಟೋರೇಜ್ ಸೇವರ್' ಎಂದಿದ್ದರೆ ಕ್ಲೌಡ್‌ನಲ್ಲಿರುವುದು ಗಾತ್ರ ಕುಗ್ಗಿಸಿದ ಪ್ರತಿ. ಫೋನಿನಲ್ಲಿದ್ದ ಮೂಲ ಫೋಟೋ ಹೋದ ಮೇಲೆ ಆ ಗುಣಮಟ್ಟ ಮತ್ತೆ ಸಿಗುವುದಿಲ್ಲ.

ಯಾವುದನ್ನು ಆಫ್‌ಲೈನ್‌ನಲ್ಲಿ ಇಡಬೇಕು?

ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ಬೇಕಾಗುವುದನ್ನು ಇಟ್ಟುಕೊಳ್ಳಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸ್ಕ್ಯಾನಿಂಗ್ ಕೋಣೆಯಲ್ಲಿ ಹಳೆಯ ರಿಪೋರ್ಟ್ ಕೇಳಬಹುದು. ಘಾಟಿಯ ದಾರಿಯಲ್ಲಿ, ಮಲೆನಾಡಿನ ಹಳ್ಳಿಗಳಲ್ಲಿ ಸಿಗ್ನಲ್ ಕೈಕೊಡಬಹುದು. ವೈದ್ಯರ ಚೀಟಿ, ರಿಪೋರ್ಟ್, ಆರೋಗ್ಯ ವಿಮೆಯ ಕಾರ್ಡ್, ಟಿಕೆಟ್, ಪಹಣಿಯ ಪ್ರತಿ ಇಂಥವನ್ನು ಆಫ್‌ಲೈನ್ ಮಾಡಿಡಿ.

ಗೂಗಲ್ ಡ್ರೈವ್‌ನಲ್ಲಿ ಇದು ಸುಲಭ. ಫೈಲ್ ಪಕ್ಕದ ಮೂರು ಚುಕ್ಕೆ ಒತ್ತಿ, 'ಮೇಕ್ ಅವೈಲಬಲ್ ಆಫ್‌ಲೈನ್' ಆಯ್ದುಕೊಳ್ಳಿ. ನಂತರ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆ ಫೈಲ್ ತೆರೆದು ನೋಡಿ. ತೆರೆದರೆ ಕೆಲಸವಾಗಿದೆ. ಆದರೆ ಡ್ರೈವ್ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಈ ಆಫ್‌ಲೈನ್ ಪ್ರತಿಗಳೂ ಹೋಗುತ್ತವೆ, ಕ್ಲೌಡ್ ಪ್ರತಿ ಮಾತ್ರ ಉಳಿಯುತ್ತದೆ.

ಒಂದು ಎಚ್ಚರಿಕೆ: ಡ್ರೈವ್‌ನಲ್ಲಿಟ್ಟ ಡಿಎಲ್ ಅಥವಾ ಆರ್‌ಸಿಯ ಫೋಟೋ ವಾಹನ ತಪಾಸಣೆಯಲ್ಲಿ ಮೂಲ ದಾಖಲೆಗೆ ಸಮವಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಇಲಾಖೆಯಿಂದಲೇ ಬಂದ ದಾಖಲೆಗೆ ಆ ಮಾನ್ಯತೆ ಇದೆ. ಡಿಜಿಲಾಕರ್‌ಗೆ ನೀವೇ ಅಪ್‌ಲೋಡ್ ಮಾಡಿದ ಫೋಟೋಗೆ ಇಲ್ಲ.

ಅಳಿಸುವ ಮುನ್ನ ಇಷ್ಟು ಮಾಡಿ

• ಗೂಗಲ್ ಫೋಟೋಸ್‌ನಲ್ಲಿ ಮೇಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಬ್ಯಾಕಪ್ ಪೂರ್ಣವಾಗಿದೆಯೇ, ಯಾವ ಖಾತೆಗೆ ಹೋಗಿದೆ ಎಂದು ನೋಡಿ.
• ಬೇರೆ ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಅದೇ ಖಾತೆ ತೆರೆದು ನಾಲ್ಕಾರು ಫೋಟೋ, ವಿಡಿಯೋ ಪರೀಕ್ಷಿಸಿ.
• ಜಾಗ ಬೇಕಿದ್ದರೆ 'ಡಿಲೀಟ್' ಬದಲು 'ಫ್ರೀ ಅಪ್ ಸ್ಪೇಸ್' ಬಳಸಿ.
• ಕಳೆದುಕೊಳ್ಳಲೇಬಾರದ ಫೋಟೋಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿಡಿ.
• ಸ್ಟೋರೇಜ್ ತುಂಬಿದೆ, ಇಂದೇ ಹಣ ಕಟ್ಟದಿದ್ದರೆ ಫೋಟೋ ಅಳಿಯುತ್ತದೆ ಎಂದು ಬರುವ ಸಂದೇಶದ ಲಿಂಕ್ ಒತ್ತಬೇಡಿ. ಆ್ಯಪ್ ತೆರೆದು ಅಲ್ಲೇ ನೋಡಿ. ಹಣ ಕಳೆದುಕೊಂಡಿದ್ದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೀರ್ಮಾನ

ಕ್ಲೌಡ್‌ನಲ್ಲಿದ್ದರೆ ಫೋನಿನಿಂದ ಎಲ್ಲವನ್ನೂ ಅಳಿಸಬಹುದು ಎಂಬುದು ದಾರಿ ತಪ್ಪಿಸುವ ಸಲಹೆ. ಬ್ಯಾಕಪ್ ಪೂರ್ಣವಾಗಿದೆ ಎಂದು ಖಚಿತವಾದ ಮೇಲೆ, ಸರಿಯಾದ ಆಯ್ಕೆ ಬಳಸಿ ಫೋನಿನ ಪ್ರತಿಯನ್ನು ಮಾತ್ರ ತೆಗೆಯಬಹುದು. ಇಂಥ ಸಲಹೆ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳುಹಿಸುವ ಮೊದಲು ಈ ವ್ಯತ್ಯಾಸವನ್ನೂ ತಿಳಿಸಿ. ಮನೆಯ ಹಿರಿಯರ ಫೋನಿನಲ್ಲಿ ಬ್ಯಾಕಪ್ ಆಗಿದೆಯೇ ಎಂದು ಒಮ್ಮೆ ನೀವೇ ನೋಡಿಕೊಡಿ.