ಪ್ರಳಯದ ಗಡುವು, ಮಳೆಯ ಲೆಕ್ಕ

‘ಪ್ರಪಂಚ ಇಂಥ ದಿನ ಮುಗಿಯುತ್ತದೆ’ ಎಂಬ ಮಾತಿಗೆ ದೀರ್ಘ ಚರಿತ್ರೆಯಿದೆ. 1524ರ ಫೆಬ್ರವರಿಯಲ್ಲಿ ಗ್ರಹಗಳು ಮೀನರಾಶಿಯಲ್ಲಿ ಕೂಡುವುದರಿಂದ ಮಹಾಪ್ರವಾಹ ಬರುವುದೆಂದು ಯೂರೋಪಿನಲ್ಲಿ ರಾಶಿ ರಾಶಿ ಕಿರುಹೊತ್ತಿಗೆಗಳು ಅಚ್ಚಾದವು. 1962ರ ಫೆಬ್ರವರಿ 3ರಿಂದ 5ರವರೆಗೆ ಮಕರರಾಶಿಯಲ್ಲಿ ಅಷ್ಟಗ್ರಹ ಕೂಟವಾದಾಗ ಭಾರತದ ಎಲ್ಲೆಡೆ ಹೋಮ, ಭಜನೆಗಳು ನಡೆದವು. 1979ರ ಜುಲೈನಲ್ಲಿ ಸ್ಕೈಲ್ಯಾಬ್ ನಮ್ಮ ತಲೆಯ ಮೇಲೆಯೇ ಬೀಳುವುದೆಂದು ಜನ ಹೆದರಿದರು; ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯದಲ್ಲಿ. 2012ರ ಡಿಸೆಂಬರ್ 21ರಂದು ಮಾಯಾ ಪಂಚಾಂಗದ ಒಂದು ಆವರ್ತ ಮುಗಿಯಿತು, ಪ್ರಪಂಚ ಮುಗಿಯಲಿಲ್ಲ.

ಇಷ್ಟು ಸಲ ಸುಳ್ಳಾದರೂ ಈ ನಂಬಿಕೆ ಏಕೆ ಅಳಿಯುವುದಿಲ್ಲ? ಅದರಲ್ಲಿ ಬರಿಯ ಭಯವೇ ಇದ್ದಿದ್ದರೆ ಜನ ಅದನ್ನು ಬೇಗ ಮರೆಯುತ್ತಿದ್ದರು. ಭಯದ ಜೊತೆಗೆ ಒಂದು ಸಮಾಧಾನವೂ ಇರಬೇಕು. ಅದು ಯಾವುದೆಂದು ಹುಡುಕೋಣ.

ಲೆಕ್ಕ ಸರಳ, ಆದರೆ ಸಾಲದು

ಮೊದಲು ಭೌತವಿಜ್ಞಾನ. ಅಷ್ಟಗ್ರಹಗಳ ಪಟ್ಟಿಯನ್ನು ನೋಡಿ: ಸೂರ್ಯ, ಚಂದ್ರ, ಬುಧ, ಶುಕ್ರ, ಕುಜ, ಗುರು, ಶನಿ, ಕೇತು. ಇವುಗಳಲ್ಲಿ ಸೂರ್ಯ ನಕ್ಷತ್ರ, ಚಂದ್ರ ಉಪಗ್ರಹ. ಕೇತು ಕಾಯವೇ ಅಲ್ಲ. ಚಂದ್ರನ ಕಕ್ಷೆಯು ಕ್ರಾಂತಿವೃತ್ತವನ್ನು ಛೇದಿಸುವ ಒಂದು ಬಿಂದು. ಉಳಿದ ಐದು ಗ್ರಹಗಳು ನಮ್ಮ ಸಮುದ್ರಗಳನ್ನು ಎಷ್ಟು ಸೆಳೆಯಬಲ್ಲವು? ಉಬ್ಬರವಿಳಿತದ ಬಲವು ದ್ರವ್ಯರಾಶಿಗೆ ಅನುಪಾತದಲ್ಲೂ ದೂರದ ಘನಕ್ಕೆ ವಿಲೋಮಾನುಪಾತದಲ್ಲೂ ಇರುತ್ತದೆ. ಶುಕ್ರ ಭೂಮಿಗೆ ಅತ್ಯಂತ ಸಮೀಪ ಬಂದಾಗಲೂ ಅದರ ಪ್ರಭಾವ ಚಂದ್ರನ ಪ್ರಭಾವದ 18,000ದಲ್ಲಿ ಸುಮಾರು ಒಂದು ಭಾಗ. ಗುರುವಿನದು 1,70,000ದಲ್ಲಿ ಸುಮಾರು ಒಂದು ಭಾಗ. 1962ರ ಕೂಟದಲ್ಲಿ ಇವೆರಡೂ ಸೂರ್ಯನ ಆಚೆ ಬದಿಯಲ್ಲಿದ್ದುದರಿಂದ ಪ್ರಭಾವ ಇನ್ನೂ ಕಡಿಮೆ. ಈ ಲೆಕ್ಕವನ್ನು ಪಿಯುಸಿ ವಿದ್ಯಾರ್ಥಿಯೂ ಮಾಡಬಹುದು. ಆದರೆ ಲೆಕ್ಕ ತೋರಿಸಿದ ಮಾತ್ರಕ್ಕೆ ನಂಬಿಕೆ ಹೋಗುವುದಿಲ್ಲ ಎಂಬುದು ಅಧ್ಯಾಪಕರಾದ ನಿಮಗೆ ತಿಳಿದೇ ಇದೆ.

ಗಡುವಿಲ್ಲದ ಕಷ್ಟ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಗಮನಿಸಿ. ಬಯಲುಸೀಮೆಯ ಈ ನೆಲದಲ್ಲಿ ರಾಗಿ, ಕಡಲೆಕಾಯಿ ಮಳೆಯನ್ನೇ ನಂಬಿದ ಬೆಳೆಗಳು. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಗಳು ಹೆಸರಿಗೆ ನದಿಗಳಾದರೂ ವರ್ಷದ ಬಹುಕಾಲ ಮರಳಿನ ಹಾಸುಗಳು. ಆಗಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆ 1876-78ರ ಮಹಾಕ್ಷಾಮವನ್ನು ಕಂಡಿತು. ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದುದು 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಬೆಳೆಯಬೇಕಿದ್ದ ಸಂಖ್ಯೆಯಲ್ಲಿ ಆರನೆಯ ಒಂದು ಭಾಗವೇ ಇಲ್ಲವಾಗಿತ್ತು. ಊರೂರುಗಳ ಮಟ್ಟಿಗೆ ಅದು ನಿಜವಾದ ಪ್ರಳಯ.

ಆದರೆ ಕ್ಷಾಮ ಮುಹೂರ್ತವಿಟ್ಟು ಬರುವುದಿಲ್ಲ, ದಿನ ಹೇಳಿ ಹೋಗುವುದೂ ಇಲ್ಲ. ಈ ವಾರ ಮಳೆ ಬಂದೀತು, ಮುಂದಿನ ವಾರ ಬಂದೀತು ಎಂದು ಕಾಯುತ್ತಲೇ ಬಿತ್ತನೆ ಬೀಜವೂ ಖರ್ಚಾಗುತ್ತದೆ. ಹಸಿವಿನಷ್ಟೇ ಕಠಿಣವಾದದ್ದು ಈ ಅನಿಶ್ಚಿತತೆ. ಪ್ರಳಯದ ಭವಿಷ್ಯ ಕೊಡುವುದು ಇದಕ್ಕೆ ಪ್ರತಿಯಾದದ್ದನ್ನು, ಅಂದರೆ ಕಷ್ಟಕ್ಕೆ ಒಂದು ಗಡುವನ್ನು. ಸಾಲ ಕೊಟ್ಟವನೂ ಸಾಲಗಾರನೂ ಒಂದೇ ದಿನ ಸಮಾನರಾಗುವ ಗಡುವು ಅದು.

ಪಾವಗಡದ ಮೂರು ಕಡೆ ಆಂಧ್ರಪ್ರದೇಶವಿದೆ. ಗಡಿಯಾಚೆ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳ ಕಾಲಜ್ಞಾನ ಮನೆಮಾತು. ಕನ್ನಡದಲ್ಲೂ ಕೊಡೇಕಲ್ ಬಸವಣ್ಣನವರದು ಸೇರಿ ಕಾಲಜ್ಞಾನದ ದೊಡ್ಡ ಪರಂಪರೆಯಿದೆ. ಎರಡೂ ಭಾಷೆಗಳ ಕಾಲಜ್ಞಾನಗಳಲ್ಲಿ ವಿನಾಶದ ವರ್ಣನೆಯ ಬಳಿಕ ವಸಂತರಾಯನೆಂಬ ಧರ್ಮಿಷ್ಠ ದೊರೆ ಬರುವ ಭರವಸೆ ಸಿಗುತ್ತದೆ. ಅಂದರೆ ಮುಗಿಯುವುದು ಪ್ರಪಂಚವಲ್ಲ, ಅನ್ಯಾಯದ ಕಾಲ. ಕೇಳುಗನಿಗೆ ಸಮಾಧಾನ ಕೊಡುವುದು ಅದೇ.

ಪಾವಗಡದ ಪ್ರಸಿದ್ಧ ಶನಿಮಹಾತ್ಮ ದೇವಾಲಯಕ್ಕೆ ಬರುವ ಭಕ್ತರಲ್ಲಿ ಅನೇಕರ ಚಿಂತೆ ಸಾಡೇಸಾತಿ, ಅಂದರೆ ಏಳೂವರೆ ವರ್ಷದ ಶನಿಕಾಟ. ಶನಿ ಸೂರ್ಯನನ್ನು ಸುತ್ತಲು ಸುಮಾರು 29.5 ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಎರಡೂವರೆ ವರ್ಷ. ಮೂರು ರಾಶಿಗಳಿಗೆ ಏಳೂವರೆ. ಹನ್ನೆರಡರಲ್ಲಿ ಮೂರು ರಾಶಿಗಳೆಂದರೆ, ಯಾವ ದಿನ ನೋಡಿದರೂ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಶನಿಕಾಟ ಇದ್ದೇ ಇರುತ್ತದೆ! ಆದರೂ ನೊಂದವನಿಗೆ ಇಷ್ಟವಾಗುವುದು ಅದರ ಕೊನೆಯ ದಿನಾಂಕ. ‘ಇನ್ನು ಎರಡು ವರ್ಷ ತಡೆದುಕೊ’ ಎಂಬ ಮಾತಿನಲ್ಲಿ ಪ್ರಳಯದ ಗಡುವಿನಲ್ಲಿರುವ ಸಮಾಧಾನವೇ ಇದೆ.

ಸಮಾಧಾನದ ಬೆಲೆ

ಈ ಸಮಾಧಾನ ಪುಕ್ಕಟೆಯಲ್ಲ. ಅಮೆರಿಕದಲ್ಲಿ 1837ರ ಆರ್ಥಿಕ ಕುಸಿತದ ನಂತರದ ಕಷ್ಟದ ದಿನಗಳಲ್ಲಿ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಎಲ್ಲವೂ ಮುಗಿಯುವುದೆಂದು ನಂಬಿದರು. ಕೆಲವು ರೈತರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟರು. ಮರುದಿನ ಬೆಳಗಾಯಿತು, ಚಳಿಗಾಲ ಎದುರಿಗಿತ್ತು.

ಇನ್ನೊಂದು ಬೆಲೆಯೂ ಇದೆ. ಕ್ಷಾಮವನ್ನು ಪ್ರಳಯ ಎಂದುಬಿಟ್ಟರೆ ಯಾರೂ ಹೊಣೆಗಾರರಲ್ಲ. 1877ರಲ್ಲಿ ಮಳೆ ಕೈಕೊಡಲು ಪೆಸಿಫಿಕ್ ಸಾಗರದ ಪ್ರಬಲ ಎಲ್ ನಿನೊ ಮುಖ್ಯ ಕಾರಣ. ಆದರೆ ಜನ ಹಸಿದಿದ್ದಾಗಲೂ ಭಾರತದಿಂದ ಧಾನ್ಯ ರಫ್ತಾಗುತ್ತಿತ್ತು. ಅದು ಗ್ರಹಗಳ ಕೆಲಸವಲ್ಲ, ಸರ್ಕಾರದ ನೀತಿ.

ವಿಜ್ಞಾನ ಕೊಡುವ ಗಡುವು

ಮುಂದೇನಾಗುತ್ತದೆಂದು ತಿಳಿಯುವ ಬಯಕೆ ತಪ್ಪಲ್ಲ. ಅದೇ ಕ್ಷಾಮ ವಿಜ್ಞಾನಕ್ಕೂ ಆ ಪ್ರಶ್ನೆ ಹಾಕಿತು. 1875ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಹಿಡಿದು ಮುನ್ಸೂಚನೆಗೆ ತೊಡಗಿದರು. 1886ರಿಂದ ಅದು ನಿಯಮಿತವಾಯಿತು. 1904ರಲ್ಲಿ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಜಗತ್ತಿನ ನಾನಾ ಕಡೆಯ ದತ್ತಾಂಶಗಳನ್ನು ಹೋಲಿಸಿ ‘ದಕ್ಷಿಣ ಆಂದೋಲನ’ವನ್ನು ಗುರುತಿಸಿದರು. ಎಲ್ ನಿನೊದೊಂದಿಗೆ ಅದರ ಸಂಬಂಧ ಆಮೇಲೆ ಸ್ಪಷ್ಟವಾಯಿತು.

ಕಾಲಜ್ಞಾನಕ್ಕೂ ಹವಾಮಾನ ಮುನ್ಸೂಚನೆಗೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ಹೀಗೆ ಹೇಳಬಹುದು: ಎರಡನೆಯದಕ್ಕೆ ದೋಷಮಿತಿ ಇದೆ. ಮುಂಗಾರು ಸರಾಸರಿಯ ಶೇಕಡ ಇಷ್ಟು ಎನ್ನುವಾಗ ಇಲಾಖೆ ‘ಶೇಕಡ 4 ಅಥವಾ 5 ಹೆಚ್ಚುಕಡಿಮೆ’ ಎಂದೂ ಹೇಳುತ್ತದೆ. ತಪ್ಪಿದರೆ ವಿಧಾನವನ್ನೇ ತಿದ್ದಿಕೊಳ್ಳುತ್ತದೆ. ಪ್ರಳಯದ ಭವಿಷ್ಯ ತಪ್ಪಿದಾಗ ಬದಲಾಗುವುದು ದಿನಾಂಕ ಮಾತ್ರ.

ಭೂಮಿಗೆ ಕೊನೆ ಇಲ್ಲವೆಂದಲ್ಲ. ಸುಮಾರು 100 ಕೋಟಿ ವರ್ಷಗಳಲ್ಲಿ ಸೂರ್ಯನ ಪ್ರಕಾಶ ಹೆಚ್ಚಿ ಸಮುದ್ರಗಳು ಆರತೊಡಗುತ್ತವೆ. ಸುಮಾರು 500 ಕೋಟಿ ವರ್ಷಗಳ ಬಳಿಕ ಸೂರ್ಯ ಕೆಂಪು ದೈತ್ಯನಾಗುತ್ತಾನೆ. ಆ ಕೊನೆ ಯಾರಿಗೂ ನ್ಯಾಯ ಕೊಡುವುದಿಲ್ಲ, ಯಾರ ಸಾಲವನ್ನೂ ತೀರಿಸುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಯೊಬ್ಬ ‘ಸಾರ್, ಪ್ರಳಯ ಯಾವಾಗ?’ ಎಂದಾಗ ನಗಬೇಡಿ. ಆ ಪ್ರಶ್ನೆಯ ಹಿಂದೆ ಬತ್ತಿದ ಕೊಳವೆಬಾವಿಯೋ ಮನೆಯ ಸಾಲವೋ ಇರಬಹುದು. ಶುಕ್ರನ ಲೆಕ್ಕವನ್ನು ಅವನ ಕೈಯಿಂದಲೇ ಮಾಡಿಸಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟು, ಊರಿನ ಬಾವಿಯ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ ಬರೆಸಿ. ಐದಾರು ವರ್ಷಗಳ ಅಂಕಿಗಳು ಕೂಡಿದರೆ, ಬೇಸಿಗೆಯಲ್ಲಿ ನೀರು ಯಾವ ತಿಂಗಳವರೆಗೆ ಬರಬಹುದೆಂದು ಊರಿಗೆ ಹೇಳಲು ಅವನಿಗೆ ಸಾಧ್ಯವಾಗುತ್ತದೆ. ಆ ಗಡುವನ್ನು ಮುಂದೂಡಲು ಕೆರೆಯ ಹೂಳು ತೆಗೆಯುವುದೂ ಸೇರಿದಂತೆ ಜನ ಮಾಡಬಹುದಾದ ಕೆಲಸಗಳಿವೆ.