ಬೀಳಗಿಯ ಗಾಯಕ ಸೋದರಿಯರು: ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ ಕರ್ನಾಟಕಿ

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿ ಮುಂಬಯಿ ಪ್ರಾಂತದ ರಂಗಭೂಮಿ, ಚಿತ್ರರಂಗಗಳಲ್ಲಿ ಹೆಸರಾದ ಗಾಯಕಿ ಸೋದರಿಯರು. ಹುಟ್ಟಿದ ನಾಡಿನ ಗುರುತಾಗಿ ಇಬ್ಬರೂ ಹೆಸರಿನೊಂದಿಗೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡರು.

ಅಕ್ಕ ಗೋಹರ್‌ಬಾಯಿ ಗ್ರಾಮಫೋನ್ ತಟ್ಟೆಗಳಿಂದ ಪ್ರಸಿದ್ಧಿ ಪಡೆದು, 1930ರ ದಶಕದ ಕೊನೆಗೆ ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. 1902ರಲ್ಲಿ ಧ್ವನಿಮುದ್ರಣಗೊಂಡ ಕಲಕತ್ತೆಯ ಗೌಹರ್ ಜಾನ್ ಬೇರೆಯವರು. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ಭಾವಿಸುವುದುಂಟು.

ತಂಗಿ ಅಮೀರ್‌ಬಾಯಿಗೆ ದೇಶವ್ಯಾಪಿ ಕೀರ್ತಿ ತಂದದ್ದು ಬಾಂಬೆ ಟಾಕೀಸ್‌ನ ‘ಕಿಸ್ಮತ್’ (1943). ಸಂಗೀತ ಅನಿಲ್ ಬಿಸ್ವಾಸ್, ಸಾಹಿತ್ಯ ಕವಿ ಪ್ರದೀಪ್ ಅವರದು. ದೀಪಾವಳಿಯ ನೆಪದಲ್ಲಿ ನಾಯಕಿಯ ಒಂಟಿತನವನ್ನು ಹೇಳುವ ಹಾಡಿಗೂ, ಖಾನ್ ಮಸ್ತಾನಾ ಜೊತೆಗಿನ ದೇಶಭಕ್ತಿ ಗೀತೆಗೂ ಅವರದೇ ಕಂಠ. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಮರುವರ್ಷ ತೆರೆಕಂಡ ಈ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ನೌಷಾದ್ ಸಂಗೀತದ ‘ರತನ್’ನಲ್ಲಿ (1944) ಅವರು ಹಾಡಿದ ವಿರಹಗೀತೆಯೂ ಜನಪ್ರಿಯವಾಯಿತು. ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದ್ದು ಅಂದಿನ ಮಹಿಳೆಗೆ ಅಪರೂಪದ ಸಾಧನೆ.

1949ರ ‘ಮಹಲ್’, ‘ಬರಸಾತ್’ ಚಿತ್ರಗಳ ನಂತರ ಲತಾ ಮಂಗೇಶ್ಕರರ ತೆಳುವಾದ ಕಂಠವೇ ಮಾದರಿಯಾಯಿತು. ರಂಗಭೂಮಿಯಿಂದ ಬಂದ ತುಂಬುಕಂಠಗಳಿಗೆ ಅವಕಾಶ ಕುಗ್ಗಿತು. ಅಮೀರ್‌ಬಾಯಿ 1965ರಲ್ಲಿ ನಿಧನರಾದರು.

ವಿಜಾಪುರದಲ್ಲಿ ಅವರು ಸ್ಥಾಪಿಸಿದ ಅಮೀರ್ ಟಾಕೀಸ್ ಹಾಗೂ ವಿಮರ್ಶಕ ರಹಮತ್ ತರೀಕೆರೆ ರಚಿಸಿದ ಜೀವನಚರಿತ್ರೆ ಕನ್ನಡನಾಡಿನಲ್ಲಿ ಈ ಗಾಯಕಿಯ ನೆನಪನ್ನು ಉಳಿಸಿದ ಎರಡು ಮುಖ್ಯ ಗುರುತುಗಳು.